ಸೇನಾ ತರಬೇತಿ ಕೊಠಡಿಗೆ ದೃಶ್ಯ-ಶ್ರವ್ಯ ಉಪಕರಣ: ದರ ನಮೂದಿಸುವ ಮುನ್ನ ಮಾಡಬೇಕಾದ ಲೆಕ್ಕ

ಯೋಧರ ತರಬೇತಿ ಎಂದೊಡನೆ ಪರೇಡ್ ಮೈದಾನವೂ ಗುಂಡು ಹಾರಿಸುವ ಅಂಗಣವೂ ಕಣ್ಮುಂದೆ ಬರುವುದು ಸಹಜ. ಆದರೆ ಆ ತರಬೇತಿಯ ಗಣನೀಯ ಭಾಗ ನಡೆಯುವುದು ನಾಲ್ಕು ಗೋಡೆಗಳ ನಡುವೆ. ನಕ್ಷೆ ಓದುವ ವಿದ್ಯೆ, ಆಯುಧದ ಒಳರಚನೆ, ವಾಹನದ ಎಂಜಿನ್, ಪ್ರಥಮ ಚಿಕಿತ್ಸೆ, ರೇಡಿಯೋ ಸಂಪರ್ಕದ ಕ್ರಮ ಇವೆಲ್ಲವೂ ಪಾಠದ ಮೂಲಕವೇ ಆರಂಭವಾಗಬೇಕು. ಕರಿಹಲಗೆ, ಗೋಡೆಚಿತ್ರ, ಬೆಟ್ಟ-ಕಣಿವೆಗಳನ್ನು ಮರಳಿನಲ್ಲಿ ರೂಪಿಸಿ ತೋರಿಸುವ ‘ಸ್ಯಾಂಡ್ ಮಾಡೆಲ್’ ಇವು ದಶಕಗಳ ಕಾಲ ಈ ಪಾಠದ ಆಧಾರಗಳಾಗಿದ್ದವು. ಈಗ ಅವುಗಳ ಪಕ್ಕದಲ್ಲಿ ಲೇಸರ್ ಪ್ರೊಜೆಕ್ಟರ್, ಸ್ಪರ್ಶಸಂವೇದಿ ಪರದೆ, ಧ್ವನಿವರ್ಧಕ ವ್ಯವಸ್ಥೆ, ಪಾಠ ಮುದ್ರಿಸಿಕೊಳ್ಳುವ ಕ್ಯಾಮೆರಾಗಳು ಸ್ಥಾನ ಪಡೆಯುತ್ತಿವೆ.

ಕರ್ನಾಟಕದ ವರ್ತಕರಿಗೆ ಇದು ದೂರದ ಸಂಗತಿಯಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಸಾಂಬ್ರಾದ ವಾಯುಪಡೆ ತರಬೇತಿ ಶಾಲೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಮತ್ತು ಸೇನಾ ಸರಬರಾಜು ದಳದ ಕೇಂದ್ರಗಳು, ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜು ನಮ್ಮ ನೆಲದಲ್ಲಿಯೇ ಇವೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಘೋಷಣೆಯಾಗಿ, 2023ರ ಜನವರಿಯಲ್ಲಿ ಭೂಸೇನೆಯ ಮೊದಲ ತಂಡದ ಅಗ್ನಿವೀರರ ತರಬೇತಿ ಆರಂಭವಾಯಿತು. ತರಬೇತಿಯ ಅವಧಿ ಹಿಂದಿಗಿಂತ ಕಡಿಮೆಯಾದುದರಿಂದ ತರಗತಿಯ ಒಂದೊಂದು ಗಂಟೆಗೂ ಬೆಲೆ ಹೆಚ್ಚಿತು. 2021ರಲ್ಲಿ ರಕ್ಷಣಾ ಸಚಿವಾಲಯವು ಸಿಮ್ಯುಲೇಟರ್‌ಗಳ ಬಳಕೆಯ ಬಗ್ಗೆ ಪ್ರಕಟಿಸಿದ ಚೌಕಟ್ಟೂ ಇದೇ ದಿಕ್ಕಿನದು. ಸಿಮ್ಯುಲೇಟರ್ ತಯಾರಿಕೆ ದೊಡ್ಡ ಬಂಡವಾಳದ ಕೆಲಸ. ತರಗತಿ ಕೊಠಡಿಯ ಆಧುನೀಕರಣ ಮಾತ್ರ ಸಣ್ಣ ಉದ್ಯಮಿಯ ಕೈಗೆ ಎಟುಕುವಂಥದು. ಎಟುಕುವುದೆಂಬ ಕಾರಣಕ್ಕೇ ಅನೇಕರು ಲೆಕ್ಕವಿಲ್ಲದೆ ಮುನ್ನುಗ್ಗಿ, ಆದೇಶ ಗೆದ್ದು, ದುಡಿಮೆ ಬಂಡವಾಳ ಸೋಲುತ್ತಾರೆ.

ಕೊಠಡಿಯ ಅಳತೆ ಮೊದಲು

ಪರದೆಯ ಗಾತ್ರವನ್ನು ಕ್ಯಾಟಲಾಗ್ ನೋಡಿ ನಿರ್ಧರಿಸುವುದು ಸಾಮಾನ್ಯ ತಪ್ಪು. ಕೊನೆಯ ಸಾಲಿನಲ್ಲಿ ಕುಳಿತವನ ದೂರವು ಚಿತ್ರದ ಎತ್ತರದ ಆರು ಪಟ್ಟನ್ನು ಮೀರಬಾರದೆಂಬುದು ಈ ಕಸುಬಿನ ಹಳೆಯ ಸೂತ್ರ. 75 ಅಂಗುಲದ ಪರದೆಯ ಎತ್ತರ ಸುಮಾರು 93 ಸೆಂಟಿಮೀಟರ್. ಅಂದರೆ ಅದು ಐದೂವರೆ ಮೀಟರ್ ದೂರದವರೆಗೆ ಮಾತ್ರ ಉಪಯುಕ್ತ. ಹನ್ನೆರಡು ಮೀಟರ್ ಉದ್ದದ ಹಳೆಯ ಬ್ಯಾರಕ್ ಕೊಠಡಿಯಲ್ಲಿ ಅಂತಹ ಒಂದೇ ಪರದೆ ತೂಗುಹಾಕಿದರೆ ಹಿಂದಿನ ಅರ್ಧ ತರಗತಿಗೆ ರೈಫಲ್‌ನ ಭಾಗಗಳ ಹೆಸರು ಓದಲಾಗದು. ಅಲ್ಲಿ ದೊಡ್ಡ ಪ್ರೊಜೆಕ್ಟರ್ ಬೇಕು, ಇಲ್ಲವೇ ನಡುವೆ ಇನ್ನೊಂದು ಜೊತೆ ಪರದೆ ಬೇಕು.

ಪ್ರೊಜೆಕ್ಟರ್‌ನಲ್ಲಿಯೂ ಆಯ್ಕೆ ಇದೆ. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 250 ದಿನ ಪಾಠ ನಡೆದರೆ 1,500 ಗಂಟೆಯಾಯಿತು. ಮೂರು ಸಾವಿರ ಗಂಟೆ ಬಾಳುವ ದೀಪವನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಲೇಸರ್ ಮೂಲದ ಆಯುಷ್ಯ ಸುಮಾರು 20,000 ಗಂಟೆ. ಮೂರು ವರ್ಷದ ವಾರಂಟಿ ಕೇಳುವ ಟೆಂಡರ್‌ನಲ್ಲಿ ಅಗ್ಗದ ದೀಪದ ಯಂತ್ರ ಕೊನೆಗೆ ದುಬಾರಿಯಾಗುವುದು ಹೀಗೆ.

ಧ್ವನಿಯ ವಿಷಯ ಇದಕ್ಕಿಂತಲೂ ಉಪೇಕ್ಷಿತ. ಎತ್ತರದ ಛಾವಣಿ, ಬರಿಯ ಇಟ್ಟಿಗೆ ಗೋಡೆ, ಸಿಮೆಂಟಿನ ನೆಲ ಇರುವ ಕೊಠಡಿಯಲ್ಲಿ ಮಾತು ಮರುಧ್ವನಿಸಿ ಅಸ್ಪಷ್ಟವಾಗುತ್ತದೆ. ಹೆಚ್ಚು ಶಕ್ತಿಯ ಸ್ಪೀಕರ್ ಹಾಕಿದರೆ ಗೊಂದಲ ಹೆಚ್ಚುತ್ತದೆಯೇ ಹೊರತು ಅರ್ಥವಲ್ಲ. ದೇಶದ ನಾನಾ ಮೂಲೆಗಳಿಂದ ಬಂದ, ಬೋಧನಾ ಭಾಷೆಯನ್ನೇ ಆಗ ಕಲಿಯುತ್ತಿರುವ ಹುಡುಗನಿಗೆ ಪದ ಸ್ಪಷ್ಟವಾಗಿ ಕೇಳಿಸುವುದು ಚಿತ್ರದಷ್ಟೇ ಮುಖ್ಯ. ಗೋಡೆಗೆ ಹಾಕುವ ಧ್ವನಿಹೀರುಕ ಹಲಗೆಗಳ ಖರ್ಚನ್ನು ದರದಲ್ಲಿ ಸೇರಿಸದವನು ಅಳವಡಿಕೆಯ ದಿನ ಸ್ವೀಕೃತಿ ಪತ್ರಕ್ಕಾಗಿ ಅಲೆಯಬೇಕಾದೀತು.

ಭದ್ರತೆಯ ಬೆಲೆ

ಕಾಲೇಜಿಗೆ ಮಾರಿದ ಸ್ಮಾರ್ಟ್ ಬೋರ್ಡನ್ನೇ ಸೇನಾ ಕೇಂದ್ರಕ್ಕೂ ಮಾರಬಹುದೆಂದು ಭಾವಿಸುವಂತಿಲ್ಲ. ಅಂತರಜಾಲಕ್ಕೆ ಸಂಪರ್ಕವಿಲ್ಲದೆ ಪೂರ್ಣವಾಗಿ ಕೆಲಸ ಮಾಡುವುದು, ವೈ-ಫೈ ಮತ್ತು ಬ್ಲೂಟೂತ್ ಇಲ್ಲದಿರುವುದು ಅಥವಾ ನಿಷ್ಕ್ರಿಯಗೊಳಿಸುವಂತಿರುವುದು ಸಾಮಾನ್ಯವಾಗಿ ಎದುರಾಗುವ ಷರತ್ತುಗಳು. ಕೆಟ್ಟ ಹಾರ್ಡ್ ಡಿಸ್ಕ್ ಅನ್ನು ಸರಬರಾಜುದಾರನಿಗೆ ಹಿಂದಿರುಗಿಸುವುದಿಲ್ಲವೆಂಬ ಷರತ್ತೂ ಇಂತಹ ಟೆಂಡರ್‌ಗಳಲ್ಲಿ ಇರುತ್ತದೆ. ತಯಾರಕ ಕಂಪನಿಯು ಹಳೆಯ ಡಿಸ್ಕ್ ಮರಳಿಸದೆ ವಾರಂಟಿಯಲ್ಲಿ ಹೊಸದನ್ನು ಕೊಡದು. ಆ ನಷ್ಟ ನಡುವಿನ ವರ್ತಕನದೇ. ಈ ಒಂದು ಸಾಲನ್ನು ಓದದೆ ದರ ನಮೂದಿಸುವವರೇ ಹೆಚ್ಚು.

2020ರ ಜುಲೈ 23ರ ಆದೇಶವನ್ನೂ ಮರೆಯಬಾರದು. ಭಾರತದೊಡನೆ ಭೂಗಡಿ ಹಂಚಿಕೊಂಡ ದೇಶಗಳ ಬಿಡ್‌ದಾರರು ಮೊದಲೇ ನೋಂದಾಯಿಸದೆ ಸರಕಾರಿ ಖರೀದಿಯಲ್ಲಿ ಭಾಗವಹಿಸುವಂತಿಲ್ಲ. ಜೊತೆಗೆ ಸ್ವದೇಶಿ ಆದ್ಯತಾ ಆದೇಶದ ಪ್ರಕಾರ ಶೇ. 50 ಅಥವಾ ಹೆಚ್ಚಿನ ಸ್ಥಳೀಯ ಮೌಲ್ಯವಿದ್ದವರು ಮಾತ್ರ ಪ್ರಥಮ ದರ್ಜೆಯ ಸ್ಥಳೀಯ ಸರಬರಾಜುದಾರರು. ಸಾಗಣೆ, ಅಳವಡಿಕೆ, ತರಬೇತಿ, ಮಾರಾಟೋತ್ತರ ಸೇವೆಯ ಖರ್ಚನ್ನು ಸ್ಥಳೀಯ ಮೌಲ್ಯವೆಂದು ತೋರಿಸುವಂತಿಲ್ಲವೆಂದು 2021ರಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಸುಳ್ಳು ಸ್ವಯಂ ಪ್ರಮಾಣಪತ್ರ ಕೊಟ್ಟವನು ಕಪ್ಪುಪಟ್ಟಿಗೆ ಸೇರಿಯಾನು.

ಇಪ್ಪತ್ತು ಲಕ್ಷದ ಆದೇಶ

ಲೆಕ್ಕಕ್ಕಾಗಿ ಒಂದು ಉದಾಹರಣೆ ಕಲ್ಪಿಸಿಕೊಳ್ಳಬಹುದು. ತೆರಿಗೆ ಬಿಟ್ಟು ₹20 ಲಕ್ಷದ ಆದೇಶ. ಮಾಲಿನ ಖರೀದಿ ₹16 ಲಕ್ಷ. ಪ್ರೊಜೆಕ್ಟರ್, ಮಾನಿಟರ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ಬಿಲ್ಲಿನ ಮೊತ್ತ ₹23.60 ಲಕ್ಷ. ಖರೀದಿಯ ಮೇಲೆ ಕೊಟ್ಟ ತೆರಿಗೆ ₹2.88 ಲಕ್ಷ, ಹಣ ಬಂದಿರಲಿ ಬಿಡಲಿ, ಮುಂದಿನ ತಿಂಗಳು ಕಟ್ಟಬೇಕಾದ ವ್ಯತ್ಯಾಸ ₹72,000. ಅಂದರೆ ಹೂಡಿಕೆ ₹19.60 ಲಕ್ಷ. ಮೂರು ತಿಂಗಳು ಹಣ ಬಾರದಿದ್ದರೆ ಶೇ. 12ರಂತೆ ಬಡ್ಡಿಯೇ ₹58,800. ಅಳವಡಿಕೆ, ವೈರಿಂಗ್, ಸಾಗಣೆಗೆ ₹1.20 ಲಕ್ಷ, ಮೂರು ವರ್ಷದ ವಾರಂಟಿಗೆ ₹1 ಲಕ್ಷ, ಜೆಮ್ ಶುಲ್ಕ ಶೇ. 0.30ರಂತೆ ಸುಮಾರು ₹7,000. ನಾಲ್ಕು ಲಕ್ಷದಂತೆ ಕಂಡ ಲಾಭದಲ್ಲಿ ಉಳಿದದ್ದು ₹1.14 ಲಕ್ಷ.

ಪಾವತಿ ಇನ್ನೂ ಮೂರು ತಿಂಗಳು ತಡವಾಗಿ, ಸರಬರಾಜು ನಾಲ್ಕು ವಾರ ತಡವಾದುದಕ್ಕೆ ವಾರಕ್ಕೆ ಶೇ. 0.5ರಂತೆ ₹47,200 ದಂಡ ಬಿದ್ದರೆ ಉಳಿಯುವುದು ಎಂಟು ಸಾವಿರ. ಶೇ. 2ರಂತೆ ಕಡಿತವಾದ ಜಿಎಸ್‌ಟಿ ಟಿಡಿಎಸ್ ₹40,000 ನಷ್ಟವಲ್ಲ, ನಗದು ಲೆಡ್ಜರ್‌ಗೆ ಬರುತ್ತದೆ; ಆದರೆ ಅಷ್ಟು ಕಾಲ ಕೈಗೆ ಸಿಗದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮುಂಗಡ ಠೇವಣಿಯಿಂದ ವಿನಾಯಿತಿ ಇದೆ, ಕಾರ್ಯನಿರ್ವಹಣಾ ಭದ್ರತೆಯಿಂದ ಇಲ್ಲ. ಆ ಬ್ಯಾಂಕ್ ಗ್ಯಾರಂಟಿ ವಾರಂಟಿ ಮುಗಿದು ಮತ್ತೆ 60 ದಿನಗಳವರೆಗೆ ಜೀವಂತವಿರಬೇಕು. ಮೂರು ವರ್ಷಕ್ಕೂ ಮೀರಿ ಬ್ಯಾಂಕಿನಲ್ಲಿ ಸಿಲುಕುವ ಮಾರ್ಜಿನ್ ಹಣವನ್ನು ಯಾರೂ ಲೆಕ್ಕದಲ್ಲಿ ಬರೆದುಕೊಳ್ಳುವುದಿಲ್ಲ.

ವಾರಂಟಿಯ ಒಂದು ಲಕ್ಷವನ್ನು ಆದೇಶದ ವರ್ಷದಲ್ಲಿಯೇ ಲೆಕ್ಕಪತ್ರ ಮಾನಕ 29ರಂತೆ ಕಾಯ್ದಿರಿಸುವುದು ಲೇಸು. ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜಿಸಿದ ವಾರಂಟಿ ಅವಕಾಶವು ತೆರಿಗೆಗೂ ಕಳೆಯತಕ್ಕದ್ದೆಂದು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಅಂದಾಜಿಗೆ ದುರಸ್ತಿಯ ದಾಖಲೆ ಪುಸ್ತಕ ಬೇಕು, ಬಾಯಿಮಾತು ಸಾಲದು.

ಕಾನೂನಿನ ರಕ್ಷಣೆ ಯಾರಿಗೆ?

2006ರ ಎಂಎಸ್‌ಎಂಇಡಿ ಕಾಯಿದೆಯಡಿ 45 ದಿನ ಮೀರಿದ ಪಾವತಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಸರಕಾರಿ ಇಲಾಖೆಯೂ ಇದಕ್ಕೆ ಹೊರತಲ್ಲ. ಆದರೆ 2021ರ ಜುಲೈಯಲ್ಲಿ ಉದ್ಯಮ ನೋಂದಣಿಗೆ ಅವಕಾಶ ಪಡೆದ ಸಗಟು ಮತ್ತು ಚಿಲ್ಲರೆ ವರ್ತಕರಿಗೆ ಆ ನೋಂದಣಿ ದೊರಕಿಸುವುದು ಆದ್ಯತಾ ವಲಯದ ಸಾಲ ಮಾತ್ರ. ತಡಪಾವತಿಯ ಬಡ್ಡಿಯಾಗಲಿ, ಕನಿಷ್ಠ ದರಕ್ಕಿಂತ ಶೇ. 15ರೊಳಗಿದ್ದಾಗ ಆ ದರಕ್ಕೆ ಇಳಿದು ಪಾಲು ಪಡೆಯುವ ಹಕ್ಕಾಗಲಿ ತಯಾರಕರಿಗೆ ಮತ್ತು ಸೇವಾದಾರರಿಗೆ ಸೇರಿದ್ದು. ಒಂದೇ ಬಣ್ಣದ ಪ್ರಮಾಣಪತ್ರ ಗೋಡೆಗೆ ತೂಗುಹಾಕಿಕೊಂಡ ಇಬ್ಬರ ಹಕ್ಕು ಒಂದೇ ಅಲ್ಲ.

2023ರ ಹಣಕಾಸು ಕಾಯಿದೆಯಿಂದ ಬಂದ ಆದಾಯ ತೆರಿಗೆಯ 45 ದಿನಗಳ ನಿಯಮದ ಬಗ್ಗೆಯೂ ತಪ್ಪು ಕಲ್ಪನೆ ಇದೆ. ಸೇನೆ ಆದಾಯ ತೆರಿಗೆ ಕಟ್ಟುವ ಖರೀದಿದಾರನಲ್ಲ. ಆ ನಿಯಮದ ಬಿಸಿ ಅದಕ್ಕೆ ತಟ್ಟದು. ದೊಡ್ಡ ಖಾಸಗಿ ಕಂಪನಿ ಮುಖ್ಯ ಗುತ್ತಿಗೆ ಪಡೆದು, ಸ್ಟೀಲ್ ಚೌಕಟ್ಟು, ಬೋಧಕರ ಮೇಜು, ಕೇಬಲ್ ಟ್ರೇ, ಧ್ವನಿಹೀರುಕ ಹಲಗೆಗಳನ್ನು ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಇರುವ ಸಣ್ಣ ತಯಾರಕನಿಂದ ಕೊಂಡಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಸಮಯಕ್ಕೆ ಹಣ ಕೊಡದ ಕಂಪನಿ ಆ ವರ್ಷ ಖರ್ಚಿನ ಕಡಿತವನ್ನೇ ಕಳೆದುಕೊಳ್ಳುತ್ತದೆ. ಸಣ್ಣ ತಯಾರಕನಿಗೆ ಈ ಉಪಸರಬರಾಜು ದಾರಿಯೇ ಸದ್ಯಕ್ಕೆ ಸುರಕ್ಷಿತವಾಗಿ ಕಾಣುತ್ತದೆ. 2025-26ರ ಬಜೆಟ್‌ನಲ್ಲಿ ಸಿದ್ಧ ಸ್ಪರ್ಶಪರದೆಗಳ ಆಮದು ಸುಂಕ ಶೇ. 10ರಿಂದ 20ಕ್ಕೆ ಏರಿ, ಓಪನ್ ಸೆಲ್ ಮತ್ತಿತರ ಬಿಡಿಭಾಗಗಳ ಸುಂಕ ಶೇ. 5ಕ್ಕೆ ಇಳಿದ ಮೇಲೆ ಇಲ್ಲಿಯೇ ಜೋಡಿಸುವುದಕ್ಕೆ ಲೆಕ್ಕ ಕೂಡಿಬರುತ್ತಿದೆ. ಜೋಡಣೆಗೆ ಬೇಕಾದ ಲೋಹದ ಕವಚ ಮತ್ತು ಗೋಡೆಯ ಹಿಡಿಕೆಗಳಿಗೆ ಸ್ಥಳೀಯವಾಗಿಯೇ ಬೇಡಿಕೆ ಹುಟ್ಟಲು ಇದು ದಾರಿ ಮಾಡಿದೆ.