ಹೊಟ್ಟೆಗೆ ನಳಿಗೆ ಅಂದರೆ ಕೈಬಿಟ್ಟ ಕೇಸಲ್ಲ!

'ಮೂಗಿನ ನಳಿಗೆ ಸಾಕು, ಇನ್ನು ಹೊಟ್ಟೆಗೇ ನಳಿಗೆ ಹಾಕೋಣ' ಎಂದು ಡಾಕ್ಟರು ಹೇಳಿದರೆ ಸಾಕು, ಮನೆಮಂದಿಗೆ ಜಂಘಾಬಲವೇ ಉಡುಗಿಹೋಗುತ್ತದೆ. 'ಹೊಟ್ಟೆ ಕೊಯ್ತಾರಂತೆ', 'ಇನ್ನು ಮುಗೀತು ಬಿಡಪ್ಪ' ಎಂಬ ಮಾತು ವಾರ್ಡಿನ ಬಾಗಿಲು ದಾಟಿ, ಬಸ್ಸು ಹತ್ತಿ, ರೋಗಿಗಿಂತ ಮೊದಲೇ ಊರು ಸೇರುತ್ತದೆ. ಸಹಿ ಹಾಕಬೇಕಾದ ಮಗ ಪೆನ್ನು ಹಿಡಿದು ಚಿಕ್ಕಪ್ಪನ ಮುಖ ನೋಡುತ್ತಾನೆ. ಚಿಕ್ಕಪ್ಪ ಗೋಡೆ ನೋಡುತ್ತಾನೆ. ದಿನ ಉರುಳುತ್ತವೆ, ರೋಗಿ ಸೊರಗುತ್ತಾನೆ.

ಅಸಲಿಗೆ ಇದರಲ್ಲಿ ಹೆದರುವಂಥದ್ದು ಎಷ್ಟು, ತಿಳಿಯಬೇಕಾದದ್ದು ಎಷ್ಟು?

ಯಾರಿಗೆ ಬೇಕು?

ಲಕ್ವ ಹೊಡೆದವರು, ತಲೆಗೆ ಪೆಟ್ಟು ಬಿದ್ದವರು, ಹೊಗೆಸೊಪ್ಪು–ಗುಟ್ಕಾದಿಂದ ಬಾಯಿ, ಗಂಟಲಿನ ಕ್ಯಾನ್ಸರ್ ತಂದುಕೊಂಡವರು – ಇವರಲ್ಲಿ ಹಲವರಿಗೆ ನುಂಗಲಾಗುವುದಿಲ್ಲ. ಪ್ರೀತಿಯಿಂದಲೇ ಆಗಲಿ, ಬಲವಂತವಾಗಿ ಬಾಯಿಗೆ ಹೊಯ್ದರೆ ಗಂಜಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ನ್ಯುಮೋನಿಯಾ. ಮೂಗಿನ ನಳಿಗೆ ಕೆಲವು ವಾರಗಳ ಮಟ್ಟಿಗೆ ಸರಿ. ನಾಲ್ಕು ವಾರ ಮೀರಿಯೂ ಬೇಕಾಗುತ್ತದೆ ಎನಿಸಿದಾಗ ಹೊಟ್ಟೆಯ ನಳಿಗೆಯ ಮಾತು ಬರುತ್ತದೆ. ಮೂಗಿನದು ಒಳಗೆಲ್ಲ ಉಜ್ಜಿ ಹುಣ್ಣು ಮಾಡುತ್ತದೆ. ರೋಗಿ ನಿದ್ದೆಗಣ್ಣಲ್ಲಿ ಎಳೆದು ಬಿಸಾಡುವುದೂ ಉಂಟು.

ಕ್ಲೀವ್‌ಲ್ಯಾಂಡಿನ ಕೂಸು

ಈ ವಿದ್ಯೆ ಸುಲಭವಾಗಿ ಬಂದದ್ದಲ್ಲ. 1849ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಸೆದಿಯೊ ಎಂಬ ಸರ್ಜನ್ ಹೊಟ್ಟೆ ತೆರೆದು ದಾರಿ ಮಾಡಿದರು, ರೋಗಿ ಉಳಿಯಲಿಲ್ಲ. ರೋಗಿ ಬದುಕಿದ್ದು 1875ರಲ್ಲಿ, ಲಂಡನ್ನಿನಲ್ಲಿ ಸಿಡ್ನಿ ಜೋನ್ಸ್ ಕೈಯಲ್ಲಿ. ಅಲ್ಲಿಂದ ನೂರು ವರ್ಷ ಹೊಟ್ಟೆ ಕೊಯ್ಯುವುದೇ ದಾರಿಯಾಗಿತ್ತು. 1979ರ ಜೂನ್ 12ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮಕ್ಕಳ ಸರ್ಜನ್ ಮೈಕೆಲ್ ಗಾಡರರ್, ಎಂಡೋಸ್ಕೋಪಿ ಬಲ್ಲ ಜೆಫ್ರಿ ಪಾನ್ಸ್ಕಿ ಸೇರಿ, ಹೊಟ್ಟೆ ಕೊಯ್ಯದೆಯೇ ಒಂದು ಕೂಸಿಗೆ ನಳಿಗೆ ಹಾಕಿದರು. ಅದೇ ಇಂದು 'ಪೆಗ್' ಎನಿಸಿಕೊಂಡಿದೆ.

ಮಾಡುವುದು ಹೀಗೆ: ಬಾಯಿಯ ಮೂಲಕ ದೀಪವಿರುವ ಎಂಡೋಸ್ಕೋಪನ್ನು ಜಠರಕ್ಕೆ ಇಳಿಸುತ್ತಾರೆ. ಅದರ ಬೆಳಕು ಹೊಟ್ಟೆಯ ಚರ್ಮದ ಮೇಲೆ ಕಾಣುವ ಜಾಗ ಗುರುತಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬೆರಳ ಅಗಲಕ್ಕಿಂತ ಚಿಕ್ಕ ಗಾಯ ಮಾಡಿ ಸೂಜಿ ತೂರಿಸುತ್ತಾರೆ. ಸೂಜಿಯೊಳಗಿಂದ ಬಿಟ್ಟ ದಾರವನ್ನು ಬಾಯಿಯಿಂದ ಹೊರಗೆಳೆದು, ಅದಕ್ಕೆ ನಳಿಗೆ ಕಟ್ಟಿ, ಹೊಟ್ಟೆಯ ಕಡೆಯಿಂದ ಜಗ್ಗುತ್ತಾರೆ. ಒಳಗೊಂದು ಬಿಲ್ಲೆ, ಹೊರಗೊಂದು ಬಿಲ್ಲೆ. ನಳಿಗೆ ಕದಲದೆ ನಿಲ್ಲುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ. ರಕ್ತ ತೆಳ್ಳಗಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು, ಮುಚ್ಚಿಡಬಾರದು.

ಮನೆಯಲ್ಲೇ ನಿಜವಾದ ಪರೀಕ್ಷೆ

ಉಣಿಸುವಾಗ ರೋಗಿಯನ್ನು ಮಲಗಿಸಬಾರದು. ತಲೆಕಡೆ ಎತ್ತರಿಸಿ, ಉಣಿಸಿದ ಮೇಲೂ ಅರ್ಧ–ಮುಕ್ಕಾಲು ಗಂಟೆ ಹಾಗೇ ಕೂರಿಸಬೇಕು. ಮುಂಚೆಯೂ ಆಮೇಲೂ ನಳಿಗೆಗೆ ನೀರು ಹಾಯಿಸಬೇಕು. ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಗಟ್ಟಿ ರಾಗಿ ಅಂಬಲಿಯಂತೂ ಆರುತ್ತಿದ್ದಂತೆ ನಳಿಗೆಯಲ್ಲೇ ಮುದ್ದೆಯಾದೀತು! ಬರೀ ಅಕ್ಕಿ ಗಂಜಿಯ ತಿಳಿಯಿಂದ ಹೊಟ್ಟೆ ತುಂಬಬಹುದು, ಮೈ ಹಿಡಿಯುವುದಿಲ್ಲ; ಬೇಳೆ, ಹಾಲು, ಎಣ್ಣೆ ಎಷ್ಟು, ಪುಡಿ ಎಷ್ಟು ಎಂದು ಆಸ್ಪತ್ರೆಯಲ್ಲಿ ಬರೆಸಿಕೊಂಡೇ ಬರಬೇಕು. ಮಾತ್ರೆ ಅರೆಯುವ ಮುನ್ನವೂ ಕೇಳಬೇಕು. ಕೆಲವನ್ನು ಪುಡಿ ಮಾಡುವಂತಿಲ್ಲ. ಬಾಯಿಂದ ಉಣ್ಣದಿದ್ದರೂ ಬಾಯಿ ತೊಳೆಸುವುದು ತಪ್ಪಬಾರದು.

ನಳಿಗೆ ಕಿತ್ತು ಬಂದರೆ? ಮೊದಲ ಕೆಲವು ವಾರ ಮನೆಯಲ್ಲಿ ಯಾರೂ ಅದನ್ನು ಮತ್ತೆ ತುರುಕಬಾರದು. ಒಳಗಿನ ದಾರಿ ಇನ್ನೂ ಕೂಡಿರುವುದಿಲ್ಲ, ಊಟ ಹೊಟ್ಟೆಯ ಪೊಳ್ಳಿಗೆ ಸೋರಿ ಪ್ರಾಣಕ್ಕೇ ಬರುತ್ತದೆ. ಹಳೆಯ ತೂತಾದರೆ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು. ಎರಡರಲ್ಲೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡುವುದೇ ಸರಿ. ಜ್ವರ, ಹೊಟ್ಟೆ ನೋವು, ಕೀವು, ರಕ್ತ ಕಂಡರೂ ಅಷ್ಟೇ.

ಎಲ್ಲರಿಗೂ ಅಲ್ಲ

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮರೆವಿನ ರೋಗ ಕೊನೆಯ ಹಂತ ಮುಟ್ಟಿದ ವೃದ್ಧರಿಗೆ ಈ ನಳಿಗೆಯಿಂದ ಆಯುಷ್ಯ ಹೆಚ್ಚುವುದು ಕಂಡುಬಂದಿಲ್ಲ, ನ್ಯುಮೋನಿಯಾ ತಪ್ಪುವುದೂ ಇಲ್ಲ. ಅಂಥವರಿಗೆ ಕೈತುತ್ತಿನಲ್ಲಿ ನಿಧಾನವಾಗಿ, ಅವರು ಒಪ್ಪಿದಷ್ಟು ಉಣಿಸುವುದೇ ಮೇಲೆಂದು ತಜ್ಞರು ಹೇಳುತ್ತಾರೆ. ಇನ್ನು 'ಹಾಕಿಸಿದರೆ ಜೀವನಪೂರ್ತಿ' ಎಂಬುದೂ ಸುಳ್ಳು. ಲಕ್ವದವರಿಗೆ ನುಂಗುವ ಶಕ್ತಿ ಮರಳಿದರೆ ನಳಿಗೆ ತೆಗೆಯುತ್ತಾರೆ. ತೂತು ಬಹುಮಟ್ಟಿಗೆ ತಾನೇ ಮುಚ್ಚುತ್ತದೆ.

ಆದ್ದರಿಂದ ಸಹಿ ಹಾಕುವವರು ಡಾಕ್ಟರನ್ನು ಮೂರು ಮಾತು ಕೇಳಲಿ: 'ಇದರಿಂದ ನಮ್ಮವರಿಗೆ ಏನು ಒಳ್ಳೇದಾಗುತ್ತೆ? ಎಷ್ಟು ದಿನ ಬೇಕಾಗುತ್ತೆ? ಮನೇಲಿ ನೋಡ್ಕೊಳ್ಳೋದನ್ನ ಯಾರು ಕಲಿಸ್ತೀರಿ?' ಕೇಳುವುದಕ್ಕೆ ಸಂಕೋಚ ಬೇಡ. ರೋಗಿಗೆ ಮಾತು, ತಿಳಿವು ಇದ್ದರೆ ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಬೇಕು. ಹೊಟ್ಟೆ ಅವರದ್ದು ತಾನೇ?