ಬಿದ್ದವರು ಯಾರ ಪೈಕಿ?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗೋಕಾಕ, ಅರಭಾವಿ, ಘಟಪ್ರಭಾ, ಹುಕ್ಕೇರಿ ಕಡೆಯ ರಸ್ತೆಗಳಲ್ಲಿ ರಾತ್ರಿ ಹೊತ್ತು ಬೈಕ್ ಓಡಿಸುವವರು ಜೀವ ಕೈಯಲ್ಲಿ ಹಿಡಿದೇ ಹೋಗಬೇಕು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಟ್ರೇಲರನ್ನು ಮೀರಿ ಹಿಂದಕ್ಕೂ ಪಕ್ಕಕ್ಕೂ ಚಾಚಿದ ಕಬ್ಬು. ಹಿಂಬದಿಗೆ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೂ ಅದರ ಮೇಲೆ ಗದ್ದೆಯ ಮಣ್ಣು ಮೆತ್ತಿರುತ್ತದೆ. ನಡುರಸ್ತೆಯಲ್ಲಿ ಟಾಯರ್ ಒಡೆದರೆ ಚಾಲಕ ಸುತ್ತ ನಾಲ್ಕು ಕಲ್ಲಿಟ್ಟು ಜಾಕ್ ಹುಡುಕಲು ಹೋಗುತ್ತಾನೆ. ರಿಪೇರಿ ಮುಗಿದು ಗಾಡಿ ಹೊರಟುಹೋದರೂ ಕಲ್ಲು ಅಲ್ಲೇ ಉಳಿದಿರುತ್ತವೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆದ ಕ್ಷಣದಲ್ಲಿ ಬೈಕಿನವನಿಗೆ ಟ್ರೇಲರೂ ಕಾಣದು, ಕಲ್ಲೂ ಕಾಣದು.

ಹಾಗೆ ಬಿದ್ದವನ ಸುತ್ತ ನೋಡನೋಡುತ್ತಲೇ ಜನ ಕೂಡುತ್ತಾರೆ. ಮೊದಲು ಕೇಳಿಬರುವ ಮಾತು, “ಯಾವೂರಾಂವ್ರೀ? ಯಾರ ಪೈಕಿ ಅದಾನ ನೋಡ್ರಿ.” ಗುರುತು ಸಿಕ್ಕರೆ ಮುಂದಿನ ಕೆಲಸ ಸರಸರ ಸಾಗುತ್ತದೆ. ಯಾರೋ ಕಾರು ತರುತ್ತಾರೆ, ಯಾರೋ ಮನೆಯವರಿಗೆ ಫೋನ್ ಹಚ್ಚುತ್ತಾರೆ. ಗುರುತು ಸಿಗದಿದ್ದರೆ ಮಾತ್ರ ಗುಂಪು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮುಂದೆ ಹೋದ ಹುಡುಗನನ್ನೂ ಹಿರಿಯರೊಬ್ಬರು ತಡೆಯುತ್ತಾರೆ: “ಮುಟ್ಟಬ್ಯಾಡೋ ತಮ್ಮಾ, ಪೊಲೀಸ್ ಕೇಸ್ ಆಕ್ಕೈತಿ. ಆಮ್ಯಾಲ ಕೋರ್ಟು ಕಚೇರಿ ಯಾರ ಅಡ್ಡಾಡಬೇಕು?”

ಈ ಭಾಗದ ಜನರಿಗೆ ಕರುಣೆ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ನಮ್ಮ ಊರುಗಳನ್ನು ಹಾದು ಹೋಗುವಾಗ ನೋಡಬೇಕು. ರಸ್ತೆ ಬದಿಗೆ ಪೆಂಡಾಲ್ ಹಾಕಿ ರೊಟ್ಟಿ, ಮಜ್ಜಿಗೆ, ಕಲ್ಲಂಗಡಿ ಹಣ್ಣು ಕೊಡುವವರು ಯಾತ್ರಿಕರ ಹೆಸರು, ಊರು ಕೇಳುವುದಿಲ್ಲ. ಬೊಬ್ಬೆ ಎದ್ದ ಅಪರಿಚಿತರ ಪಾದವನ್ನು ಬಿಸಿನೀರಲ್ಲಿ ತೊಳೆದು, ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುವವರಲ್ಲಿ ಎಂಟು ಹತ್ತು ಎಕರೆ ಕಬ್ಬಿನ ರೈತರೂ ಇರುತ್ತಾರೆ, ಕಾಲೇಜು ಹುಡುಗರೂ ಇರುತ್ತಾರೆ. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರಿಗೂ ದಾರಿಯುದ್ದಕ್ಕೂ ನೀರು, ನೆರಳು ಸಿಗುತ್ತದೆ. ಗುರುತಿಲ್ಲದವರ ಕಾಲು ಒತ್ತುವ ಕೈಗಳೇ ರಕ್ತ ಸುರಿಯುತ್ತಿರುವ ಗುರುತಿಲ್ಲದವನ ಮುಂದೆ ಹಿಂಜರಿಯುತ್ತವೆ ಅಂದರೆ ನಡುವೆ ಇನ್ನೇನೋ ಅಡ್ಡ ನಿಂತಿದೆ. ಅದು ಭಯ. ಆ ಭಯ ಬರೀ ಭ್ರಮೆಯೂ ಆಗಿರಲಿಲ್ಲ. ಗಾಯಾಳುವನ್ನು ತಂದವನನ್ನೇ ಡಿಕ್ಕಿ ಹೊಡೆದವನೆಂದು ಅನುಮಾನಿಸಿದ್ದು, ಮುಂಗಡ ಕಟ್ಟು ಎಂದು ಆಸ್ಪತ್ರೆಯಲ್ಲಿ ಕೂಡಿಸಿದ್ದು, ಸಾಕ್ಷಿ ಹೇಳಲು ವರ್ಷಗಟ್ಟಲೆ ಅಲೆದಾಡಿಸಿದ್ದು, ಇವೆಲ್ಲ ಈ ದೇಶದಲ್ಲಿ ನಡೆದಿವೆ. ಸೇವ್‌ಲೈಫ್ ಫೌಂಡೇಶನ್ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಸುಮಾರು ಮೂವರು ಗಾಯಾಳುವಿನ ನೆರವಿಗೆ ಹೋಗಲಿಕ್ಕಿಲ್ಲ ಎಂದಿದ್ದರು. ಅವರಲ್ಲಿ ಬಹುಪಾಲು ಜನ ಹೇಳಿದ ಕಾರಣ ಪೊಲೀಸು ಮತ್ತು ಕೋರ್ಟು.

2016ರ ಫೆಬ್ರುವರಿ 16ರಂದು ಹರೀಶ್ ನಂಜಪ್ಪ ಎಂಬ ಯುವಕ ಗುಬ್ಬಿಯ ಕಡೆಯ ತನ್ನ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ. ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ಆತ ಸಹಾಯಕ್ಕಾಗಿ ಕೂಗಿದ, ತನ್ನ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡ. ಕಣ್ಣುಗಳು ನಾರಾಯಣ ನೇತ್ರಾಲಯಕ್ಕೆ ಸೇರಿದವು. ಜೀವ ಉಳಿಯಲಿಲ್ಲ. ಮರುತಿಂಗಳೇ ರಾಜ್ಯ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ತಂದಿತು. ಗಾಯಾಳು ಯಾವ ರಾಜ್ಯದವನೇ ಆಗಿರಲಿ, ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸುವ ಯೋಜನೆ ಅದು. ಇಷ್ಟಾದ ಮೇಲೂ ಮುಂದಿನ ವರ್ಷ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ 18ರ ಹುಡುಗನೊಬ್ಬ ರಸ್ತೆಯಲ್ಲಿ ನೆರವಿಗಾಗಿ ಅಂಗಲಾಚುತ್ತ ಬಿದ್ದಿದ್ದಾಗ ಸುತ್ತ ನಿಂತವರ ಮೊಬೈಲುಗಳು ವಿಡಿಯೊ ಮಾಡುತ್ತಿದ್ದವು. ಆ ಹುಡುಗನೂ ಬದುಕಲಿಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹರೀಶ್ ತೀರಿಕೊಂಡ ಮೇಲೆ ಕಾನೂನು ಬದಲಾಗಿದೆ, ಆ ಸುದ್ದಿ ಮಾತ್ರ ಹಳ್ಳಿಯ ಚಹಾದಂಗಡಿಯವರೆಗೆ ಬಂದಿಲ್ಲ. 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಇಂಥ ರಕ್ಷಣೆಗೆಂದೇ ಸ್ವಂತ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ವಿಧಾನಮಂಡಲ ಒಪ್ಪಿದ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು, ಮರುವರ್ಷ ಅದರ ನಿಯಮಗಳು ಬಂದವು. ಅವು ಹೇಳುವುದಿಷ್ಟು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿ ನೀವು ಹೊರಟುಬಿಡಬಹುದು. ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಎತ್ತಿ ಒಯ್ದಾಗ ದಾರಿಯಲ್ಲಿ ಜೀವ ಹೋದರೂ ನಿಮ್ಮ ಮೇಲೆ ಕೇಸಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಒಪ್ಪಿದರೆ ನಿಮಗೆ ಅನುಕೂಲವಾದ ಜಾಗದಲ್ಲಿ, ಬೇಕಿದ್ದರೆ ಮನೆಯಲ್ಲೇ, ಸಮವಸ್ತ್ರ ತೊಡದ ಪೊಲೀಸರು ಬಂದು ಹೇಳಿಕೆ ಪಡೆಯಬೇಕು. ಕೇಂದ್ರ ಸರ್ಕಾರ ಬಹುಮಾನದ ಯೋಜನೆಯನ್ನೂ ತಂದಿದೆ. 2021ರಲ್ಲಿ 5,000 ರೂಪಾಯಿ ಇದ್ದದ್ದು 2025ರಲ್ಲಿ 25,000ಕ್ಕೆ ಏರಿಸುವ ಘೋಷಣೆಯಾಯಿತು. ನನ್ನ ಅನಿಸಿಕೆಯಲ್ಲಿ ನಮ್ಮ ಜನ ಬಹುಮಾನಕ್ಕೆ ಕಾದು ಕೂತವರಲ್ಲ. ಠಾಣೆಯಿಂದ ಫೋನ್ ಬರುವುದಿಲ್ಲ ಎಂಬ ಒಂದು ಭರವಸೆ ಸಿಕ್ಕರೆ ಅವರಿಗೆ ಅಷ್ಟೇ ಸಾಕು.

2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.72 ಲಕ್ಷಕ್ಕೂ ಹೆಚ್ಚು. ತಲೆಗೆ ಬಲವಾದ ಪೆಟ್ಟು ಬಿದ್ದವರನ್ನು ನಮ್ಮ ಕಡೆಯಿಂದ ಹೆಚ್ಚಾಗಿ ಬೆಳಗಾವಿಗೇ ಒಯ್ಯಬೇಕು, ಗೋಕಾಕದಿಂದ 60-70 ಕಿ.ಮೀ. ದಾರಿ. ಅಲ್ಲಿಯವರೆಗೆ ಉಸಿರು ಉಳಿಸಲು ಗೋಕಾಕದ ತಾಲ್ಲೂಕು ಆಸ್ಪತ್ರೆ ಇದೆ. ಇತ್ತ ಘಟಪ್ರಭಾದಲ್ಲಿ ಸೇವಾದಳದ ಡಾ. ನಾ.ಸು. ಹರ್ಡೀಕರ್ ದುಡಿದ ಕರ್ನಾಟಕ ಆರೋಗ್ಯಧಾಮವಿದೆ, ಜೆ.ಜಿ. ಸಹಕಾರಿ ಆಸ್ಪತ್ರೆಯಿದೆ. ಅಲ್ಲಿಗೆ ಮುಟ್ಟುವ ಮುಂಚಿನ ಹತ್ತು ಹದಿನೈದು ನಿಮಿಷ ಮಾತ್ರ ದಾರಿಯಲ್ಲಿದ್ದವರ ಕೈಯಲ್ಲೇ ಇರುತ್ತದೆ.

ಆ ಹೊತ್ತಿನಲ್ಲಿ ನಾವು ಅಕ್ಕರೆಯಿಂದಲೇ ಕೆಲವು ತಪ್ಪು ಮಾಡುತ್ತೇವೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕುತ್ತೇವೆ. ಆ ನೀರು ಶ್ವಾಸನಾಳಕ್ಕೆ ಇಳಿದರೆ ಉಸಿರೇ ಕಟ್ಟಬಹುದು. ಕೈಕಾಲು ಹಿಡಿದು ಮೂಟೆ ಎತ್ತಿದ ಹಾಗೆ ಎತ್ತುತ್ತೇವೆ. ಕುತ್ತಿಗೆಯ ಎಲುಬು ಮುರಿದಿದ್ದರೆ ಆ ಒಂದು ಎಳೆತಕ್ಕೆ ಮನುಷ್ಯ ಜೀವನಪೂರ್ತಿ ಹಾಸಿಗೆ ಹಿಡಿಯಬಹುದು. ಗೋಕಾಕದ ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮೂರ್ಛೆ ಬಂದು ಬಿದ್ದವರ ಮುಷ್ಟಿಗೆ ಕೀಲಿಗೊಂಚಲು ತುರುಕುತ್ತೇವೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತೇವೆ. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ. ತಲೆಯ ಕೆಳಗೆ ಟವೆಲ್ ಮಡಚಿಟ್ಟು, ಸುತ್ತಲಿನ ಕಲ್ಲು ಸರಿಸಿ, ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿದರೆ ಸಾಕು. ರಕ್ತ ಹರಿಯುತ್ತಿದ್ದರೆ ಶುದ್ಧವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಡದೆ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ಅದನ್ನು ಕೀಳದೆ ಮೇಲೆ ಇನ್ನೊಂದು ಇಡಬೇಕು. ಒಬ್ಬರು 108ಕ್ಕೆ ಕರೆ ಮಾಡಿ ಮೈಲಿಗಲ್ಲಿನ ಮೇಲಿನ ಊರು, ಹತ್ತಿರದ ಗುಡಿ ಅಥವಾ ಪೆಟ್ರೋಲ್ ಬಂಕಿನ ಗುರುತು ಹೇಳಬೇಕು. ಇನ್ನೊಬ್ಬರು ಮೊಬೈಲ್ ಬ್ಯಾಟರಿ ಬೆಳಗಿಸಿ ಹಿಂದಿನಿಂದ ಬರುವ ವಾಹನಗಳನ್ನು ನಿಧಾನಿಸಬೇಕು. ಇಲ್ಲವಾದರೆ ಎತ್ತಲು ಬಗ್ಗಿದವರ ಮೇಲೇ ಇನ್ನೊಂದು ಗಾಡಿ ನುಗ್ಗುತ್ತದೆ.

ಚಿಕಿತ್ಸೆಯ ಖರ್ಚಿನ ಚಿಂತೆಯೂ ಎತ್ತಿ ಒಯ್ದವರ ತಲೆಗೆ ಬರಬೇಕಿಲ್ಲ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಇನ್ನೊಂದು ಮಾತು. ನೆರವಾದವರ ಹಕ್ಕುಗಳನ್ನು ಬರೆದ ಫಲಕವನ್ನು ಪ್ರತಿ ಆಸ್ಪತ್ರೆಯೂ ಬಾಗಿಲಲ್ಲೋ ಎದ್ದು ಕಾಣುವ ಬೇರೆ ಜಾಗದಲ್ಲೋ, ಸ್ಥಳೀಯ ಭಾಷೆಯಲ್ಲೂ ಹಾಕಬೇಕೆಂದು 2020ರ ನಿಯಮ ಹೇಳುತ್ತದೆ. ಮುಂದಿನ ಸಲ ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದಾಗ ಆ ಫಲಕ ಕನ್ನಡದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಅಲ್ಲಿನವರನ್ನು ಕೇಳಿ.