ಪೈಪಿನಿಂದ ಹೊರಬಂದ ಹಳ್ಳ

ಸಿಯಾಟಲ್ ನಗರದೊಳಗಿನ ರವೆನ್ನಾ ಪಾರ್ಕ್ ನೂರು ವರ್ಷದ ಹಿಂದೆ ತನ್ನ ಹೆಮ್ಮರಗಳನ್ನೂ ನೀರಿನ ಮೂಲವನ್ನೂ ಕಳೆದುಕೊಂಡಿತು. ಅಕ್ಕಪಕ್ಕದ ಮನೆಗಳವರು ಹಟ ಹಿಡಿದು ಹಳ್ಳದ ಒಂದು ತುಂಡನ್ನು ಮತ್ತೆ ಬಯಲಿಗೆ ತಂದರು.

ಸಿಯಾಟಲ್‌ನಲ್ಲಿ ನೆಲೆಸಿದ ಮಗನ ಮನೆಗೋ ಮಗಳ ಮನೆಗೋ ಬೇಸಿಗೆಯಲ್ಲಿ ಹೋಗಿಬರುವ ಕನ್ನಡದ ತಂದೆತಾಯಿಗಳು ಈಗ ಸಾಕಷ್ಟಿದ್ದಾರೆ. ಅವರಿಗೆ ತೋರಿಸುವ ಜಾಗಗಳೂ ಬಹುತೇಕ ಗೊತ್ತಾದವೇ: ಸ್ಪೇಸ್ ನೀಡಲ್ ಗೋಪುರ, ಪೈಕ್ ಪ್ಲೇಸ್ ಮಾರುಕಟ್ಟೆ, ಸ್ನೋಕ್ವಾಲ್ಮಿ ಜಲಪಾತ, ಮೌಂಟ್ ರೇನಿಯರ್. ಇವೆಲ್ಲ ನೋಡಬೇಕಾದವೇ. ಆದರೆ ಆ ಊರಿನ ಸ್ವಭಾವ ತಿಳಿಯಬೇಕಾದರೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಉತ್ತರಕ್ಕಿರುವ ಒಂದು ಕೊರಕಲಿಗೆ ಇಳಿಯಬೇಕು. ಅದೇ ರವೆನ್ನಾ ಪಾರ್ಕ್. ಅದಕ್ಕೆ ಅಂಟಿಕೊಂಡ ಕೋವನ್ ಪಾರ್ಕನ್ನೂ ಸೇರಿಸಿದರೆ ಅರವತ್ತು ಎಕರೆಯಷ್ಟಾಗುತ್ತದೆ, ಅಂದರೆ ಲಾಲ್‌ಬಾಗ್‌ನ ಕಾಲು ಭಾಗ. ಟಿಕೆಟ್ ಇಲ್ಲ, ಕಾವಲುಗಾರನಿಲ್ಲ. ಎರಡೂ ಬದಿಗೆ ಮನೆಗಳ ಸಾಲು. ಕಾಲುದಾರಿಯಲ್ಲಿ ನಾಲ್ಕು ಹೆಜ್ಜೆ ಕೆಳಗಿಳಿದರೆ ಬಸ್ಸಿನ ಸದ್ದು ಹಿಂದೆ ಉಳಿದು ನೀರಿನ ಸದ್ದು ಶುರುವಾಗುತ್ತದೆ.

ಹಿಮ ಕೊರೆದ ದಾರಿ

ಈ ಕೊರಕಲು ಹಿಮಯುಗದ ಕೆಲಸ. ಇಂದು ಸಿಯಾಟಲ್ ಇರುವ ನೆಲದ ಮೇಲೆ ಒಂದು ಕಾಲಕ್ಕೆ ಸುಮಾರು 3,000 ಅಡಿ ದಪ್ಪದ ಹಿಮದ ಹಾಸು ಇತ್ತು. ಹಿಮ ಕರಗಿ ಉತ್ತರಕ್ಕೆ ಸರಿದಾಗ ಅದು ಬಿಟ್ಟುಹೋದ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು. ಅವುಗಳಲ್ಲಿ ಗ್ರೀನ್ ಲೇಕ್ ಒಂದು. ಅದು ತುಂಬಿ ಹರಿದ ನೀರು ಆಗ್ನೇಯ ದಿಕ್ಕಿಗೆ ದಾರಿ ಮಾಡಿಕೊಂಡು ವಾಷಿಂಗ್ಟನ್ ಸರೋವರದ ಯೂನಿಯನ್ ಬೇ ಎಂಬ ಕೊಲ್ಲಿಯನ್ನು ಸೇರುತ್ತಿತ್ತು. ರವೆನ್ನಾ ಹಳ್ಳ ಹುಟ್ಟಿದ್ದು ಹಾಗೆ. ಅದು ಸರೋವರ ಸೇರುವ ಜಾಗದಲ್ಲಿ ಆ ನೆಲದ ಮೂಲನಿವಾಸಿಗಳಾದ ಡುವಾಮಿಶ್ ಜನರ ಹಳ್ಳಿಯಿತ್ತು.

ಕೊರಕಲಿನ ಇಳಿಜಾರನ್ನು ಗಮನಿಸಿದರೆ ಅಲ್ಲಲ್ಲಿ ನೆಲ ಸದಾ ಒದ್ದೆಯಾಗಿರುವುದು ಕಾಣುತ್ತದೆ. ಸಿಯಾಟಲ್ ಗುಡ್ಡಗಳ ಮೇಲ್ಪದರದಲ್ಲಿ ಮರಳು, ಅದರ ಕೆಳಗೆ ಗಟ್ಟಿ ಜೇಡಿಮಣ್ಣು. ಮಳೆನೀರು ಮರಳಿನಲ್ಲಿ ಇಂಗಿ ಜೇಡಿಗೆ ತಾಗಿದ ಮೇಲೆ ಇನ್ನೂ ಆಳಕ್ಕೆ ಹೋಗಲಾರದೆ ಅಡ್ಡಕ್ಕೆ ಹರಿದು ಇಳಿಜಾರಿನಲ್ಲಿ ಒಸರುತ್ತದೆ. ಮಲೆನಾಡಿನ ಒರತೆ, ಜಲಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಮುಂದೆ ಗ್ರೀನ್ ಲೇಕ್‌ನ ನೀರು ಕೈಬಿಟ್ಟಾಗಲೂ ಈ ಹಳ್ಳ ಬತ್ತದೆ ಉಳಿದದ್ದು ಇದೇ ಒಸರಿನಿಂದ.

ಹೆಸರಿದ್ದ ಮರಗಳು

1880ರ ದಶಕದ ಕೊನೆಯಲ್ಲಿ ಈ ಜಾಗ ಖಾಸಗಿಯವರ ಕೈಯಲ್ಲಿತ್ತು. ಸುತ್ತಲಿನ ಬೆಟ್ಟಗಳನ್ನು ಮರದ ಕಂಪನಿಗಳು ಬೋಳಿಸುತ್ತಿದ್ದರೂ ಕೊರಕಲಿನೊಳಗಿನ ಡಗ್ಲಸ್ ಫರ್ ಮರಗಳು ಉಳಿದುಕೊಂಡಿದ್ದವು. ವಿಲಿಯಂ ಬೆಕ್ ಎಂಬ ಪಾದ್ರಿ ಇದನ್ನು ಕೊಂಡು, ಕಾಲುದಾರಿ ಮಾಡಿಸಿ, ಒಳಬರುವವರಿಂದ 25 ಸೆಂಟ್ ಶುಲ್ಕ ಪಡೆಯತೊಡಗಿದರು. ಪೈನ್ ಕಾಡಿಗೆ ಹೆಸರಾದ ಇಟಲಿಯ ರವೆನ್ನಾ ಪಟ್ಟಣದ ಹೆಸರು ಇದಕ್ಕೆ ಬಂತು. ಬೆಕ್ ದಂಪತಿ ದೊಡ್ಡ ಮರಗಳಿಗೂ ಹೆಸರಿಟ್ಟರು. ಒಂದಕ್ಕೆ ಪೋಲೆಂಡಿನ ಪಿಯಾನೊ ವಾದಕ ಪಡೆರೆವ್‌ಸ್ಕಿಯ ಹೆಸರು. ಎಲ್ಲಕ್ಕಿಂತ ಎತ್ತರದ್ದಕ್ಕೆ ಅಮೆರಿಕದ ಅಂತರ್ಯುದ್ಧದ ಸೇನಾನಿ ರಾಬರ್ಟ್ ಇ. ಲೀ ಹೆಸರು, ಎಲ್ಲಕ್ಕಿಂತ ದಪ್ಪದ್ದಕ್ಕೆ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟರ ಹೆಸರು. ಈ ಮರಗಳನ್ನು ನೋಡಲೆಂದೇ ಜನ ಬರುತ್ತಿದ್ದರು.

1911ರಲ್ಲಿ ನಗರಾಡಳಿತ ಪಾರ್ಕನ್ನು ತನ್ನ ವಶಕ್ಕೆ ಪಡೆಯಿತು. ಇನ್ನು ಕಾಡಿಗೆ ಭಯವಿಲ್ಲ ಎಂದು ಜನ ನಂಬಿರಬೇಕು. ಆದದ್ದು ಬೇರೆ. ಕೆಲವೇ ವರ್ಷಗಳಲ್ಲಿ ರೂಸ್‌ವೆಲ್ಟ್ ಮರ ಕಾಣೆಯಾಯಿತು. ನಗರದ ಮಹಿಳಾ ಸಂಘಗಳವರು ಇದೇನೆಂದು ಕೇಳಿದಾಗ ಬಂದ ಉತ್ತರ: ಮರ ಅಪಾಯಕಾರಿಯಾಗಿತ್ತು, ಕಡಿಸಿ ಸೌದೆಗೆ ಮಾರಿದೆವು. ಆಮೇಲೆ ಒಂದೊಂದಾಗಿ ಉಳಿದ ಹೆಮ್ಮರಗಳೂ ಹೋದವು. 1920ರ ದಶಕದ ಮಧ್ಯದ ಹೊತ್ತಿಗೆ ಹೆಸರಿದ್ದ ಯಾವ ಮರವೂ ಅಲ್ಲಿರಲಿಲ್ಲ. ಆ ವಯಸ್ಸಿನ ಕಾಡಿನ ತುಣುಕನ್ನು ಸಿಯಾಟಲ್‌ನೊಳಗೆ ನೋಡಬೇಕಾದರೆ ಈಗ ಸೂವರ್ಡ್ ಪಾರ್ಕಿಗೋ ಶ್ಮಿಟ್ಜ್ ಪ್ರಿಸರ್ವ್‌ಗೋ ಹೋಗಬೇಕು. ಟಿಕೆಟ್ಟಿನ ದುಡ್ಡಿಗಾಗಿಯಾದರೂ ಖಾಸಗಿ ಮಾಲೀಕ ಕಾಪಾಡಿದ್ದ ಮರಗಳು ಸಾರ್ವಜನಿಕ ಆಸ್ತಿಯಾದ ಮೇಲೆ ಉರುಳಿದವು. ಒಂದು ಜಾಗವನ್ನು ಪಾರ್ಕ್ ಎಂದು ಘೋಷಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುವವರು ಈ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಒಳ್ಳೆಯ ಉದ್ದೇಶದಿಂದಲೇ ಹೋದ ನೀರು

ನೀರು ಹೋದದ್ದೂ ಅದೇ 1911ರಲ್ಲಿ. ಓಮ್‌ಸ್ಟೆಡ್ ಸಹೋದರರ ಸಂಸ್ಥೆ ಸಿಯಾಟಲ್‌ಗೆ ಉದ್ಯಾನಗಳ ಯೋಜನೆಯನ್ನು ರೂಪಿಸಿಕೊಟ್ಟಿತ್ತು. ಗ್ರೀನ್ ಲೇಕ್‌ನ ದಡದಲ್ಲಿ ಜನರು ಓಡಾಡಲು ಜಾಗ ಮಾಡಬೇಕೆಂದು ಆ ಕೆರೆಯ ಮಟ್ಟವನ್ನು ಏಳು ಅಡಿ ಇಳಿಸಲಾಯಿತು. ಇಂದು ಆ ಕೆರೆಯ ಸುತ್ತ ನಡೆಯುವವರೆಲ್ಲ ಅನುಭವಿಸುತ್ತಿರುವುದು ಆ ನಿರ್ಧಾರದ ಫಲವನ್ನೇ. ಆದರೆ ಮಟ್ಟ ಇಳಿದ ಕೆರೆಯಿಂದ ಹಳ್ಳಕ್ಕೆ ನೀರು ಹರಿಯುವುದು ನಿಂತಿತು. ಕೆರೆಗೂ ಕೊರಕಲಿಗೂ ನಡುವೆ ಹಳ್ಳ ಹರಿಯುತ್ತಿದ್ದ ದಾರಿಯಲ್ಲಿ ಈಗ ಸಾಲುಮರಗಳ ರವೆನ್ನಾ ಬುಲೆವಾರ್ಡ್ ಇದೆ.

ಮುಂದಿನದು ಸರೋವರದ ಸರದಿ. ಹಡಗುಗಳ ಕಾಲುವೆಗಾಗಿ 1916ರಲ್ಲಿ ವಾಷಿಂಗ್ಟನ್ ಸರೋವರದ ನೀರು ಸುಮಾರು ಒಂಬತ್ತು ಅಡಿ ಕೆಳಗಿಳಿಯಿತು. ಯೂನಿಯನ್ ಬೇ ಕುಗ್ಗಿತು. ಹೊರಬಿದ್ದ ಜೌಗು ನೆಲದ ಒಂದು ಭಾಗ ನಗರದ ಕಸ ಸುರಿಯುವ ಜಾಗವಾಯಿತು. ಇನ್ನೊಂದು ಭಾಗದ ಮೇಲೆ 1950ರ ದಶಕದಲ್ಲಿ ಯೂನಿವರ್ಸಿಟಿ ವಿಲೇಜ್ ಎಂಬ ಅಂಗಡಿ ಸಮುಚ್ಚಯ ಎದ್ದಿತು. 1960ರ ದಶಕದ ಆರಂಭದಲ್ಲಿ ಹೆದ್ದಾರಿ ಕಟ್ಟಲು ಅಗೆದ ಮಣ್ಣನ್ನು ತಂದು ಕೋವನ್ ಪಾರ್ಕಿನ ಕಡೆಯ ಕೊರಕಲನ್ನು ತುಂಬಿದರು. ಇಂದು ಅಲ್ಲಿ ಸಪಾಟಾದ ಹುಲ್ಲುಹಾಸು.

ನಡುವೆ ಉಳಿದ ಒಂದಿಷ್ಟು ಉದ್ದದ ಹಳ್ಳ ಪಾರ್ಕಿನ ಕೆಳತುದಿಯಲ್ಲಿ ಪೈಪಿಗೆ ಇಳಿದು, ಒಳಚರಂಡಿ ಸೇರಿ, ಊರಂಚಿನ ವೆಸ್ಟ್ ಪಾಯಿಂಟ್ ಸಂಸ್ಕರಣಾ ಘಟಕಕ್ಕೆ ಹೋಗುತ್ತಿತ್ತು. ನೆಲದಿಂದ ಶುದ್ಧವಾಗಿ ಒಸರಿದ ನೀರು ಕೊಳಚೆಯೊಡನೆ ಬೆರೆತು, ಮತ್ತೆ ಹಣ ಖರ್ಚು ಮಾಡಿ ಶುದ್ಧಗೊಳ್ಳುತ್ತಿತ್ತು. ಇದನ್ನು ಯಾರೋ ಕೇಡಿಗರು ಕೂತು ಯೋಜಿಸಿದ್ದಲ್ಲ. ಪಾರ್ಕ್ ಬೇಕು, ರಸ್ತೆ ಬೇಕು, ಬಂದರು ಬೇಕು, ಚರಂಡಿ ಬೇಕು, ಅಗೆದ ಮಣ್ಣು ಹಾಕಲು ಜಾಗ ಬೇಕು. ಒಂದೊಂದು ನಿರ್ಧಾರವನ್ನೂ ಬಿಡಿಯಾಗಿ ನೋಡಿದರೆ ಸರಿಯೆನಿಸುತ್ತದೆ. ಎಲ್ಲವೂ ಕೂಡಿದಾಗ ಹಳ್ಳದ ಬಹುಪಾಲು ಇಲ್ಲವಾಯಿತು.

ಬೀದಿಯವರು ಕೇಳಿದ ಪ್ರಶ್ನೆ

ಚರಂಡಿಗೆ ಹೋಗುತ್ತಿರುವ ನೀರನ್ನು ಮತ್ತೆ ಸರೋವರಕ್ಕೇ ಹರಿಸಬಾರದೇಕೆ ಎಂದು ಕೇಳಿದವರು ಸುತ್ತಮುತ್ತಲಿನ ನಿವಾಸಿಗಳು. ರವೆನ್ನಾ ಕ್ರೀಕ್ ಅಲಯನ್ಸ್ ಎಂಬ ಗುಂಪು ಕಟ್ಟಿಕೊಂಡು ಅವರು ವರ್ಷಗಟ್ಟಲೆ ಸಭೆಗಳಲ್ಲಿ, ಕಚೇರಿಗಳಲ್ಲಿ ಇದನ್ನೇ ಕೇಳಿದರು. ಪೈಪಿನೊಳಗೆ ಹೋದ ಹಳ್ಳವನ್ನು ಸರೋವರದವರೆಗೂ ಬಯಲಿಗೆ ತರಬೇಕೆಂಬುದು ಅವರ ಆಸೆ. ಪಾರ್ಕಿನಾಚೆಗೆ ಅಂಗಡಿ ಸಮುಚ್ಚಯ, ವಾಹನ ನಿಲುಗಡೆ, ರಸ್ತೆ. ಅಲ್ಲೆಲ್ಲ ತೆರೆದ ಹಳ್ಳಕ್ಕೆ ಜಾಗ ಸಿಗಲಿಲ್ಲ.

ಕೊನೆಗೆ 2006ರಲ್ಲಿ ಮುಗಿದ ಕೆಲಸ ಅರ್ಧ ದಾರಿಯದು. ಪಾರ್ಕಿನ ಕೆಳತುದಿಯಲ್ಲಿ ಸುಮಾರು 650 ಅಡಿ ಉದ್ದದ ಹೊಸ ಪಾತ್ರ ತೋಡಿ, ಕಲ್ಲು, ದಿಮ್ಮಿ ಜೋಡಿಸಿ, ದಡದಲ್ಲಿ ಆ ನೆಲದ್ದೇ ಗಿಡಗಳನ್ನು ನೆಟ್ಟು ನೀರನ್ನು ಮೇಲೆ ಹರಿಸಿದರು. ಅಲ್ಲಿಂದ ಮುಂದೆ ಪೈಪೇ. ಆದರೆ ಆ ಪೈಪು ಈಗ ಚರಂಡಿಗೆ ಹೋಗುವುದಿಲ್ಲ, ಯೂನಿಯನ್ ಬೇ ಪಕ್ಕದ ಜೌಗಿಗೆ ಹೋಗುತ್ತದೆ. ನೀರು ತನ್ನ ಸರೋವರವನ್ನು ಸೇರುತ್ತದೆ.

ಈ ಕೆಲಸದಲ್ಲಿ ಮಾರ್ಕ್ ಬ್ರೆಸ್ಟ್ ವಾನ್ ಕೆಂಪನ್ ಎಂಬ ಕಲಾವಿದರೂ ಇದ್ದರು. ನೀರು ನೆಲದಡಿ ಇಳಿಯುವುದನ್ನು ಮುಚ್ಚಿಡದೆ ನಿಂತು ನೋಡುವಂತೆ ಮಾಡಿದರು. ಪೈಪು ಸಾಗುವ ದಾರಿಯನ್ನು ಪಾದಚಾರಿ ಮಾರ್ಗದ ಮೇಲೆ ನೀಲಿ ಗೆರೆಯಲ್ಲಿ ಗುರುತಿಸಿದರು. ಅಂಗಡಿಗೆ ಹೋಗುವವರು ಆ ಗೆರೆಯನ್ನು ದಾಟಿ ಹೋಗುತ್ತಾರೆ. ಕಾಲಡಿಯಲ್ಲಿ ಒಂದು ಹಳ್ಳವಿದೆ ಎಂದು ಊರಿಗೆ ದಿನವೂ ನೆನಪಿಸುವ ಇಂಥ ಉಪಾಯವನ್ನು ನಾನು ಬಹಳ ಮೆಚ್ಚುತ್ತೇನೆ. ಯಾಕೆಂದರೆ ಕಣ್ಣಿಗೆ ಬೀಳದ ನೀರಿನ ಪರವಾಗಿ ಮಾತಾಡಲು ಯಾರೂ ಮುಂದಾಗುವುದಿಲ್ಲ.

ನಡೆಯುವವರಿಗೆ

ಲೈಟ್ ರೈಲಿನಲ್ಲಿ ರೂಸ್‌ವೆಲ್ಟ್ ನಿಲ್ದಾಣಕ್ಕೆ ಬಂದು ಇಳಿದರೆ ಕೋವನ್ ಪಾರ್ಕ್ ನಡೆದೇ ಹೋಗುವಷ್ಟು ಹತ್ತಿರ. ಮೇಲಿನಿಂದ ಕೆಳಕ್ಕೆ, ಹಳ್ಳ ಹರಿಯುವ ದಿಕ್ಕಿನಲ್ಲೇ ನಡೆಯುವುದು ಒಳ್ಳೆಯದು. ಮೊದಲು ಹುಲ್ಲುಹಾಸು ದಾಟಿ, 1936ರಲ್ಲಿ ಕಟ್ಟಿದ ಕಾಂಕ್ರೀಟ್ ಕಮಾನಿನ ಸೇತುವೆಯ ಕೆಳಗೆ ಹಾಯ್ದರೆ ಕೊರಕಲು ಆಳವಾಗುತ್ತದೆ. ಅಲ್ಲಿಂದ ಪಶ್ಚಿಮದ ರೆಡ್ ಸೀಡರ್, ಹೆಮ್ಲಾಕ್, ಅಗಲ ಎಲೆಯ ಮೇಪಲ್ ಮರಗಳ ನೆರಳು. ಮೇಪಲ್ ಕಾಂಡಗಳಿಗೆ ಹಾವಸೆ ದಪ್ಪಗೆ ಹತ್ತಿ, ಅದರಲ್ಲಿ ಜರಿಗಿಡಗಳು ಬೇರೂರಿರುತ್ತವೆ. ಇನ್ನೂ ಮುಂದೆ ತಲೆಯ ಮೇಲೆ ಬಹಳ ಎತ್ತರದಲ್ಲಿ 20ನೇ ಅವೆನ್ಯೂದ ಹಳೆಯ ಉಕ್ಕಿನ ಸೇತುವೆ; 1975ರಿಂದ ಅದರ ಮೇಲೆ ವಾಹನಗಳಿಲ್ಲ, ನಡೆಯುವವರು ಮತ್ತು ಸೈಕಲ್ಲಿನವರು ಮಾತ್ರ. ಹಿಂತಿರುಗುವಾಗ ಆ ಸೇತುವೆಯ ಮೇಲೆ ನಿಂತು ಮರಗಳ ತುದಿಯನ್ನು ಸಮಮಟ್ಟದಿಂದ ನೋಡಬಹುದು.

ಬೆಂಗಳೂರಿಗೂ ಸಿಯಾಟಲ್‌ಗೂ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಒಂದೇ, ಸಾವಿರ ಮಿಲಿಮೀಟರಿನ ಆಸುಪಾಸು. ಬೀಳುವ ರೀತಿ ಮಾತ್ರ ಬೇರೆ. ಸಿಯಾಟಲ್‌ನಲ್ಲಿ ಅಕ್ಟೋಬರಿನಿಂದ ವಸಂತದವರೆಗೆ ಸಣ್ಣ ಹನಿ ಬಿಡದೆ ಸುರಿಯುತ್ತದೆ, ನಡುಬೇಸಿಗೆ ಒಣಗಿರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಹೋದರೆ ಜಾರದ ಬೂಟು ಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಸಾಲ್ಮನ್‌ಬೆರಿ ಪೊದೆಗಳಲ್ಲಿ ಕಡುಗುಲಾಬಿ ಹೂ ಬಿಡುತ್ತದೆ. ಅಕ್ಟೋಬರಿನಲ್ಲಿ ಮೇಪಲ್ ಎಲೆಗಳು ಹಳದಿಯಾಗುತ್ತವೆ. ದೊಡ್ಡ ಮರಕುಟಿಕ ಕಾಂಡ ಕುಟ್ಟುವ ಸದ್ದಿಗೆ ಕಿವಿಗೊಡಿ. ಸಂಜೆಯಾಗುತ್ತಿದ್ದಂತೆ ಗೂಬೆಯೂ ಕಾಣಿಸೀತು.

ಕೈಗವಸು ಹಾಕಿಕೊಂಡು ಬಳ್ಳಿ ಕೀಳುತ್ತಿರುವವರು ಕಂಡರೆ ನಿಂತು ಮಾತಾಡಿಸಿ. ತೋಟಗಳಿಂದ ನುಗ್ಗಿದ ಇಂಗ್ಲಿಷ್ ಐವಿ ಬಳ್ಳಿ ಮರಕ್ಕೆ ಹಬ್ಬಿ ಅದರ ಮೇಲೆ ಭಾರ ಹೇರುತ್ತದೆ, ನೆಲವನ್ನೂ ಮುಚ್ಚಿ ಸಸಿಗಳನ್ನು ಬೆಳೆಯಗೊಡುವುದಿಲ್ಲ. ಲಂಟಾನ ಕಂಡ ನಮಗೆ ಇದರ ಕಾಟವನ್ನು ವಿವರಿಸಬೇಕಿಲ್ಲ. ನಗರದ ಕಾಡುಗಳನ್ನು ಉಳಿಸಲು 2000ರ ದಶಕದ ಮಧ್ಯದಲ್ಲಿ ಶುರುವಾದ ಗ್ರೀನ್ ಸಿಯಾಟಲ್ ಪಾರ್ಟ್‌ನರ್‌ಶಿಪ್ ಅಡಿಯಲ್ಲಿ ಸ್ವಯಂಸೇವಕರು ಊರಿನ ಪಾರ್ಕುಗಳಲ್ಲಿ ಐವಿ ಕಿತ್ತು ಸೀಡರ್, ಫರ್ ಸಸಿಗಳನ್ನು ನೆಡುತ್ತಾರೆ. ಇಂದು ನೆಟ್ಟ ಸಸಿ ಬೆಕ್ ಕಾಲದ ಮರಗಳ ಗಾತ್ರಕ್ಕೆ ಬರಲು ಹಲವು ಶತಮಾನ ಬೇಕು. ನೆಡುವವರಿಗೆ ಅದು ಚೆನ್ನಾಗಿ ಗೊತ್ತು, ಆದರೂ ನೆಡುತ್ತಾರೆ.

ಅರ್ಧವಾದರೂ ಸರಿ

ಬೆಂಗಳೂರಿನಲ್ಲಿ ರಾಜಕಾಲುವೆಯೆಂದರೆ ಮೂಗು ಮುಚ್ಚಿಕೊಂಡು ದಾಟುವ ಜಾಗವೆಂದೇ ಒಂದು ತಲೆಮಾರು ಬೆಳೆದಿದೆ. ಒಂದು ಕೆರೆಯ ಕೋಡಿಯ ನೀರನ್ನು ಮತ್ತೊಂದು ಕೆರೆಗೆ ಒಯ್ಯುತ್ತಿದ್ದ ಕಾಲುವೆಗಳವು. ಕೋರಮಂಗಲ ಕಣಿವೆಯ ರಾಜಕಾಲುವೆಗೆ ಬಂದು ಸೇರುತ್ತಿದ್ದ ಕೊಳಚೆಯನ್ನು ತಡೆದು ಅದನ್ನು ಜನ ನಡೆದಾಡುವ ಜಲಮಾರ್ಗವಾಗಿಸುವ ಕೆ-100 ಯೋಜನೆ ಕೆಲ ವರ್ಷಗಳ ಹಿಂದೆ ಕೈಗೂಡತೊಡಗಿದಾಗ ಹಲವರು ಇದು ಪೂರ್ತಿಯಾಗುವ ಮಾತಲ್ಲ ಎಂದರು. ಅಂಥ ಅನುಮಾನಕ್ಕೆ ರವೆನ್ನಾ ಹಳ್ಳ ಉತ್ತರ ಕೊಡುತ್ತದೆ. ಅದೂ ಪೂರ್ತಿಯಾಗಿಲ್ಲ. ಗ್ರೀನ್ ಲೇಕ್‌ನ ನೀರು ಮರಳಿ ಬರಲಿಲ್ಲ, ತುಂಬಿದ ಕೊರಕಲನ್ನು ಯಾರೂ ತೆಗೆಯಲಿಲ್ಲ, ಅಂಗಡಿಗಳಡಿಯ ಪೈಪು ಹಾಗೇ ಇದೆ. ಆದರೂ ಚರಂಡಿ ಪಾಲಾಗುತ್ತಿದ್ದ ಸಿಹಿನೀರು ಸರೋವರದ ಪಾಲಾಯಿತು, ಮಕ್ಕಳು ದಡದಲ್ಲಿ ಕೂತು ನೋಡಬಲ್ಲ ಹಳ್ಳ ಬೀದಿಯ ಬುಡಕ್ಕೇ ಬಂತು. ಎಲ್ಲವೂ ಆಗದಿದ್ದರೆ ಏನೂ ಬೇಡ ಎಂದು ಆ ನಿವಾಸಿಗಳು ಎದ್ದು ಹೋಗಿದ್ದರೆ ಈ 650 ಅಡಿಯೂ ಇರುತ್ತಿರಲಿಲ್ಲ. ನಗರದ ನೀರನ್ನು ಮರಳಿ ಪಡೆಯುವ ಕೆಲಸ ಹೀಗೆ ತುಂಡುತುಂಡಾಗಿಯೇ ಆಗುತ್ತದೆ. ಮೊದಲ ತುಂಡು ಎಲ್ಲಿಂದ ಎಂದು ಕೇಳಬೇಕಾದವರು ಆ ದಡದಲ್ಲಿ ಮನೆ ಮಾಡಿಕೊಂಡಿರುವ ನಾವೇ.